ಅಪ್ಪಣೆ ಪಡೆದ ನೆಮ್ಮದಿ

ನಮ್ಮ ಭಾನುವಾರದ ಓದುಗರ ಗುಂಪಿನಲ್ಲಿ ಬ್ಯಾಂಕಿನಿಂದ ರಿಟೈರ್ ಆದ ಹಿರಿಯರೊಬ್ಬರು ಇದ್ದಾರೆ. ಕಾದಂಬರಿ ಓದುವಾಗಲೂ ಅವರ ಕೈಯಲ್ಲಿ ಪೆನ್ಸಿಲ್ ಇರಲೇಬೇಕು. ರಷ್ಯನ್ ಲೇಖಕ ಬುಲ್ಗಾಕೋವ್‌ನ 'ಮಾಸ್ಟರ್ ಅಂಡ್ ಮಾರ್ಗರಿಟಾ' ಬಗ್ಗೆ ಮಾತುಕತೆ ಮುಗಿದು, ಎಲ್ಲರೂ ಕಾಫಿ ಲೋಟ ಕೆಳಗಿಟ್ಟು ಏಳುವ ಹೊತ್ತಿಗೆ ಅವರು ಸುಮ್ನೆ ಒಂದು ಮಾತು ಎಸೆದರು. "ಅಂತೂ ಮಾಸ್ಟರ್‌ಗೆ ಪೆನ್ಷನ್ನೂ ಕ್ವಾರ್ಟರ್ಸೂ ಸ್ಯಾಂಕ್ಷನ್ ಆಯ್ತು ಅನ್ನಿ!" ಎಲ್ಲರೂ ನಕ್ಕೆವು. ಮನೆಗೆ ಬಂದ ಮೇಲೂ ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಆಮೇಲೆ ಬೇರೆ ರಷ್ಯನ್ ಕಾದಂಬರಿಗಳನ್ನು ಮತ್ತೆ ತೆಗೆದಾಗಲೂ ಅದೇ ಪ್ರಶ್ನೆ ಎದುರಾಗತೊಡಗಿತು. ಈ ಪಾತ್ರಗಳಿಗೆ ನೆಮ್ಮದಿ ಸಿಗುತ್ತದೋ ಇಲ್ಲವೋ ಅನ್ನೋದು ಹಾಗಿರಲಿ. ಸಿಕ್ಕಾಗ ಅದನ್ನು ಮಂಜೂರು ಮಾಡಿದವರು ಯಾರು?

ಓದಿದವರಿಗೆ ಆ ಸನ್ನಿವೇಶ ನೆನಪಿರುತ್ತದೆ. ಮಾಸ್ಕೋದ ಎತ್ತರದ ಕಟ್ಟಡವೊಂದರ ತಾರಸಿ, ಸೂರ್ಯ ಮುಳುಗುವ ಹೊತ್ತು. ಸೈತಾನ ವೊಲಾಂಡ್ ಊರನ್ನು ನೋಡುತ್ತಾ ಕೂತಿದ್ದಾನೆ. ಗೋಡೆಯೊಳಗಿಂದ ಲೆವಿ ಮತ್ವೇಯ್ ಬರುತ್ತಾನೆ, ಮಣ್ಣು ಮೆತ್ತಿದ ಹರಕು ಬಟ್ಟೆಯಲ್ಲಿ. ಲೆವಿಯ ಗುರು ಯೇಶುವಾ, ಅಂದರೆ ಯೇಸು, ಮಾಸ್ಟರ್ ಅನ್ನೋ ಹೆಸರಿಲ್ಲದ ಲೇಖಕನ ಕಾದಂಬರಿ ಓದಿದ್ದಾನಂತೆ. ಮಾಸ್ಟರ್‌ನನ್ನು ನೀನು ಕರೆದುಕೊಂಡು ಹೋಗಿ ಅವನಿಗೆ ನೆಮ್ಮದಿ ಕೊಡು ಅಂತ ಕೇಳುತ್ತಿದ್ದಾನಂತೆ. ನೀವೇ ಯಾಕೆ ಅವನನ್ನು ನಿಮ್ಮ ಬೆಳಕಿಗೆ ಕರೆದುಕೊಳ್ಳೋದಿಲ್ಲ ಅಂತ ವೊಲಾಂಡ್ ಕೇಳಿದರೆ, ಲೆವಿ ಬೇಸರದ ದನಿಯಲ್ಲಿ ಉತ್ತರ ಕೊಡುತ್ತಾನೆ: ಅವನ ಅರ್ಹತೆ ಬೆಳಕಿಗಲ್ಲ, ನೆಮ್ಮದಿಗೆ. ಇದನ್ನು ಓದಿದಾಗ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಫೈಲ್ ಹೋದ ಹಾಗೇ ಅನಿಸುತ್ತದೆ. ಮೇಲಿನವರು ಓದಿದ್ದಾರೆ, ಶಿಫಾರಸು ಮಾಡಿದ್ದಾರೆ, ಕೆಳಗಿನವರು ಜಾರಿ ಮಾಡುತ್ತಾರೆ. ಮಾಸ್ಟರ್ ಕೇಳಿಯೂ ಇಲ್ಲ, ಅವನನ್ನು ಯಾರೂ ಕೇಳಿಯೂ ಇಲ್ಲ.

ಸಿಕ್ಕಿದ್ದಾದರೂ ಏನು? ಬಳ್ಳಿ ಹಬ್ಬಿದ ಒಂದು ಮನೆ, ದೊಡ್ಡ ಕಿಟಕಿ, ಸಂಜೆ ಬಂದು ಹಾಡುವ ಗೆಳೆಯರು, ಮೇಣದಬತ್ತಿ, ನಿದ್ದೆ. ನಿನ್ನ ನಿದ್ದೆಯನ್ನು ನಾನು ಕಾಯುತ್ತೇನೆ ಅನ್ನುತ್ತಾಳೆ ಅವನ ಪ್ರೇಯಸಿ ಮಾರ್ಗರಿಟಾ. ಕಾದಂಬರಿಯ ಮೊದಲ ಭಾಗವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಈ ಮನೆಯ ಬೆಲೆ ಗೊತ್ತಾಗುತ್ತದೆ. ಅರ್ಬಾತ್ ಹತ್ತಿರ ನೆಲಮಾಳಿಗೆಯಲ್ಲಿ ಮಾಸ್ಟರ್‌ಗೆ ಎರಡು ಕೋಣೆಯ ಮನೆ ಇತ್ತು. ಲಾಟರಿ ದುಡ್ಡು, ಪುಸ್ತಕ, ಒಲೆ, ಪ್ರೀತಿ ಎಲ್ಲವೂ ಇದ್ದವು. ಅಕ್ಟೋಬರ್‌ನ ಒಂದು ರಾತ್ರಿ ಮಾರ್ಗರಿಟಾ ಹೊರಟು ಕಾಲು ಗಂಟೆಯೂ ಆಗಿರಲಿಲ್ಲ, ಯಾರೋ ಕಿಟಕಿ ತಟ್ಟಿದರು. ಆಮೇಲೆ ಕಥೆ ಜನವರಿಗೆ ಹಾರುತ್ತದೆ. ಮಾಸ್ಟರ್ ತನ್ನದೇ ಅಂಗಳದಲ್ಲಿ ಚಳಿಗೆ ಮುದುಡಿ ನಿಂತಿದ್ದಾನೆ. ಅದೇ ಹಳೇ ಕೋಟು, ಆದರೆ ಗುಂಡಿಗಳು ಕಿತ್ತುಹೋಗಿವೆ. ಮಧ್ಯದ ತಿಂಗಳುಗಳಲ್ಲಿ ಎಲ್ಲಿದ್ದ, ಏನಾಯಿತು ಅನ್ನೋದನ್ನು ಬುಲ್ಗಾಕೋವ್ ನಮಗೆ ಕೇಳಿಸುವ ಹಾಗೆ ಹೇಳೋದಿಲ್ಲ. ಬಂಧಿಸಿದವರ ಕೋಟಿನ ಗುಂಡಿ ಎಲ್ಲಿ ಕೀಳುತ್ತಾರೆ ಅಂತ ಅವತ್ತಿನ ಮಾಸ್ಕೋದವರಿಗೆ ವಿವರಿಸಬೇಕಾಗಿರಲಿಲ್ಲ. ಹಾಗಾಗಿ ಕೊನೆಯಲ್ಲಿ ಸಿಗುವ ಮನೆಯ ಮುಖ್ಯ ಸೌಲಭ್ಯ ಬಳ್ಳಿಯೂ ಅಲ್ಲ, ಸಂಗೀತವೂ ಅಲ್ಲ. ಅಲ್ಲಿ ರಾತ್ರಿ ಯಾರೂ ಕಿಟಕಿ ತಟ್ಟೋದಿಲ್ಲ. 1930ರ ದಶಕದ ಆ ಊರಿನಲ್ಲಿ ಇದಕ್ಕಿಂತ ದೊಡ್ಡ ಆಸೆ ಇರೋದು ಸಾಧ್ಯವಿತ್ತಾ?

ಫೋನ್ ಕರೆಗಳು

ಬುಲ್ಗಾಕೋವ್‌ಗೂ ಮೇಲಿನಿಂದ ಒಂದು ಮಂಜೂರಾತಿ ಬಂದಿತ್ತು. 1930ರ ಹೊತ್ತಿಗೆ ಅವನ ನಾಟಕಗಳೆಲ್ಲ ರಂಗದಿಂದ ಇಳಿದಿದ್ದವು. ಈ ಕಾದಂಬರಿಯ ಮೊದಲ ಕರಡನ್ನು ಅವನೇ ಒಲೆಗೆ ಹಾಕಿದ್ದ. ಮಾರ್ಚ್ 28ರಂದು ಸರ್ಕಾರಕ್ಕೆ ಪತ್ರ ಬರೆದ: ಒಂದೋ ನನ್ನನ್ನು ದೇಶ ಬಿಟ್ಟು ಹೋಗೋಕೆ ಬಿಡಿ, ಇಲ್ಲವೇ ಯಾವುದಾದರೂ ರಂಗಮಂದಿರದಲ್ಲಿ ಕೆಲಸ ಕೊಡಿ. ಏಪ್ರಿಲ್ 14ರಂದು ಕವಿ ಮಾಯಕೋವ್‌ಸ್ಕಿ ಗುಂಡು ಹೊಡೆದುಕೊಂಡು ಸತ್ತ. 18ರಂದು, ಮಾಯಕೋವ್‌ಸ್ಕಿಯ ಅಂತ್ಯಕ್ರಿಯೆಯ ಮರುದಿನ, ಬುಲ್ಗಾಕೋವ್ ಮನೆಯ ಫೋನ್ ಹೊಡೆದುಕೊಂಡಿತು. ಆ ಕಡೆ ಸ್ಟಾಲಿನ್. ಹೊರದೇಶಕ್ಕೆ ಹೋಗಬೇಕಾ, ನಮ್ಮ ಮೇಲೆ ಅಷ್ಟೊಂದು ಬೇಸರವಾಗಿದೆಯಾ ಅಂತ ಕೇಳಿದ. ಬುಲ್ಗಾಕೋವ್ ತಬ್ಬಿಬ್ಬಾಗಿ, ರಷ್ಯನ್ ಲೇಖಕ ತಾಯ್ನಾಡಿನ ಹೊರಗೆ ಬದುಕೋದು ಹೇಗೆ ಅನ್ನೋ ಅರ್ಥದ ಮಾತಾಡಿದ. ಮಾಸ್ಕೋ ಆರ್ಟ್ ಥಿಯೇಟರ್‌ನಲ್ಲಿ ಸಹಾಯಕ ನಿರ್ದೇಶಕನ ಕೆಲಸ ಸಿಕ್ಕಿತು. 1940ರಲ್ಲಿ ಕಾಯಿಲೆಯಿಂದ ಸಾಯುವವರೆಗೂ ಅವನನ್ನು ಬಂಧಿಸಲಿಲ್ಲ. ಅವನು ಬರೆದದ್ದನ್ನು ಅಚ್ಚು ಹಾಕಲೂ ಇಲ್ಲ. ಕೊನೆಯ ದಿನಗಳವರೆಗೂ ಹೆಂಡತಿ ಎಲೆನಾ ಕೈಯಲ್ಲಿ ಇದೇ ಕಾದಂಬರಿಯ ತಿದ್ದುಪಡಿ ಬರೆಸುತ್ತಿದ್ದ. ಅದು 'ಮಾಸ್ಕ್ವಾ' ಪತ್ರಿಕೆಯಲ್ಲಿ, ಕತ್ತರಿ ಹಾಕಿಸಿಕೊಂಡು, ಬಂದದ್ದು 1966-67ರಲ್ಲಿ.

ವೊಲಾಂಡ್ ಅಂದರೆ ಸ್ಟಾಲಿನ್ ಅಂತ ನೇರವಾಗಿ ಗುರುತಿಸುವವರಿದ್ದಾರೆ. ನನಗದು ರುಚಿಸೋದಿಲ್ಲ. ಅಷ್ಟು ಸಲೀಸಾದ ಲೆಕ್ಕ ಮಾಡಿದರೆ ವೊಲಾಂಡ್ ಜೊತೆಗಿರುವ ಬೆಹೆಮೊತ್ ಅನ್ನೋ ಬೆಕ್ಕಿಗೂ ಯಾವುದಾದರೂ ಖಾತೆ ಕೊಡಬೇಕಾಗುತ್ತದೆ. ಆದರೆ ಆಸೆಯ ಆಕಾರ ಮಾತ್ರ ಒಂದೇ. ಎಲ್ಲೋ ಮೇಲೆ ಒಬ್ಬ ಸರ್ವಶಕ್ತನಿದ್ದಾನೆ, ನಾನು ಬರೆದದ್ದನ್ನು ಅವನು ಓದುತ್ತಾನೆ, ಓದಿದ ಮೇಲೆ ಎಲ್ಲ ಸರಿ ಮಾಡುತ್ತಾನೆ. ಆ ಕಾಲದ ದೊಡ್ಡ ದೊಡ್ಡ ಲೇಖಕರೂ ಈ ಆಸೆಯಿಂದ ತಪ್ಪಿಸಿಕೊಳ್ಳಲಿಲ್ಲ. 1934ರ ಜೂನ್‌ನಲ್ಲಿ ಪಾಸ್ತರ್ನಾಕ್‌ಗೂ ಅದೇ ಸ್ಟಾಲಿನ್ ಫೋನ್ ಮಾಡಿದ, ಬಂಧನದಲ್ಲಿದ್ದ ಕವಿ ಮಂದೆಲ್ಸ್ತಾಮ್ ವಿಚಾರಕ್ಕೆ. ನಿಮ್ಮನ್ನು ಭೇಟಿಯಾಗಿ ಮಾತಾಡಬೇಕು ಅಂದ ಪಾಸ್ತರ್ನಾಕ್. ಯಾವುದರ ಬಗ್ಗೆ? ಬದುಕು ಮತ್ತು ಸಾವಿನ ಬಗ್ಗೆ. ಸ್ಟಾಲಿನ್ ಫೋನ್ ಇಟ್ಟುಬಿಟ್ಟ.

ಪೋಸ್ಟರಿನ ಪಾರಿವಾಳ

ಇಲ್ಲಿ ಒಂದು ಅಡ್ಡ ಮಾತು. ನಮ್ಮಲ್ಲಿ ಒಂದು ತಲೆಮಾರಿನವರಿಗೆ ರಷ್ಯಾ ಅಂದರೆ ಮೊದಲು ನೆನಪಾಗೋದು 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಕಾಗದ. ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕೋಕೆ ಅದಕ್ಕಿಂತ ಒಳ್ಳೇ ಕಾಗದ ಇರಲಿಲ್ಲ. ಅದರ ಜೊತೆಗೆ ನವಕರ್ನಾಟಕದ ಮಳಿಗೆಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದ ಮಾಸ್ಕೋದ ಪುಸ್ತಕಗಳು. ಅಲ್ಲೆಲ್ಲ ಶಾಂತಿ ಎದ್ದು ಕಾಣುತ್ತಿತ್ತು. ಪಾರಿವಾಳ, ಟ್ರ್ಯಾಕ್ಟರ್, ನಗುವ ಮಕ್ಕಳು. ಆ ಸರ್ಕಾರ ಹುಟ್ಟಿದ್ದೇ ಶಾಂತಿಯ ಹೆಸರಿನಲ್ಲಿ ತಾನೇ? 1917ರಲ್ಲಿ ಲೆನಿನ್ ಅಧಿಕಾರ ಹಿಡಿದ ಕೂಡಲೇ ಹೊರಡಿಸಿದ ಮೊದಲ ಆಜ್ಞೆ ಶಾಂತಿಯ ಆಜ್ಞೆ. ಅದರ ಬೆನ್ನಿಗೇ ಬಂದದ್ದು ಅಂತರ್ಯುದ್ಧ. 1949ರಲ್ಲಿ ಸ್ಟಾಲಿನ್ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಬಹುಮಾನವೂ ಶುರುವಾಯಿತು. ಅದು ಬಲವಂತದ ದುಡಿಮೆಯ ಶಿಬಿರಗಳಲ್ಲಿ ಕೈದಿಗಳು ತುಂಬಿ ತುಳುಕುತ್ತಿದ್ದ ಕಾಲ.

ಹಾಗಾಗಿ ಇಪ್ಪತ್ತನೇ ಶತಮಾನದ ಒಳ್ಳೆಯ ರಷ್ಯನ್ ಕಾದಂಬರಿಗಳಲ್ಲಿ ಶಾಂತಿಯ ಬಗ್ಗೆ ದೊಡ್ಡ ಮಾತು ಕಾಣಿಸೋದಿಲ್ಲ. ಆ ದೊಡ್ಡ ಮಾತನ್ನು ಸರ್ಕಾರ ಗುತ್ತಿಗೆಗೆ ತೆಗೆದುಕೊಂಡಿತ್ತು. ಸರ್ಕಾರವೇ ಕೊಡುವ ನೆಮ್ಮದಿ ಎಲ್ಲಿಗೆ ಮುಟ್ಟಬಹುದು ಅಂತ ಜಮ್ಯಾಟಿನ್ 1920-21ರಲ್ಲೇ ಬರೆದ 'ವಿ' (ನಾವು) ಕಾದಂಬರಿಯಲ್ಲಿ ತೋರಿಸಿಬಿಟ್ಟಿದ್ದ. ಅಲ್ಲಿ ಮನುಷ್ಯರ ಕಲ್ಪನಾಶಕ್ತಿಯನ್ನೇ ಆಪರೇಷನ್ ಮಾಡಿ ತೆಗೆಯುತ್ತಾರೆ. ಕಥೆ ಹೇಳುವವನು ಕೊನೆಯಲ್ಲಿ, ತಾನು ಪ್ರೀತಿಸಿದ ಹೆಂಗಸಿಗೆ ಚಿತ್ರಹಿಂಸೆ ಕೊಡೋದನ್ನು ಎದುರಿಗೇ ಕೂತು ನೋಡುತ್ತಾನೆ. ಒಂದು ಚೂರೂ ಕಲಕದ ಮನಸ್ಸಿನಿಂದ. ಅದು ಸಂಪೂರ್ಣ ನೆಮ್ಮದಿ, ನಿಜ.

ಶ್ಟ್ರುಮ್‌ನ ದಿನಗಳು ಹೇಗಿದ್ದವು

ಇಷ್ಟೆಲ್ಲ ಬರೆದದ್ದು ನಿಜವಾಗಿ ವಾಸಿಲಿ ಗ್ರಾಸ್‌ಮನ್‌ನ 'ಲೈಫ್ ಅಂಡ್ ಫೇಟ್' ಹತ್ತಿರ ಬರೋದಕ್ಕೆ. ಗ್ರಾಸ್‌ಮನ್ ಯುದ್ಧ ವರದಿಗಾರನಾಗಿ ಸ್ಟಾಲಿನ್‌ಗ್ರಾಡ್‌ನಲ್ಲಿ ಇದ್ದವನು. ಆ ಗದ್ದಲದಲ್ಲಿ ತನಗೆ ಓದೋಕೆ ಸಾಧ್ಯವಾದ ಒಂದೇ ಪುಸ್ತಕ ಟಾಲ್‌ಸ್ಟಾಯ್‌ನ 'ವಾರ್ ಅಂಡ್ ಪೀಸ್' ಅಂತ ಹೇಳಿಕೊಂಡಿದ್ದ. ಅವನ ಕಾದಂಬರಿ ಟಾಲ್‌ಸ್ಟಾಯ್‌ದರ ಹಾಗೇ ದೊಡ್ಡದು, ಪಾತ್ರಗಳೂ ಲೆಕ್ಕವಿಲ್ಲದಷ್ಟು. ನನ್ನನ್ನು ಹಿಡಿದು ನಿಲ್ಲಿಸಿದ್ದು ರಣರಂಗ ಮಾತ್ರ ಅಲ್ಲ. ಮಾಸ್ಕೋದ ಒಂದು ಫ್ಲ್ಯಾಟ್ ಮತ್ತು ಅಲ್ಲಿನ ಭೌತವಿಜ್ಞಾನಿ ವಿಕ್ಟರ್ ಶ್ಟ್ರುಮ್.

ಶ್ಟ್ರುಮ್ ಯೆಹೂದಿ. ಅವನ ತಾಯಿ ಉಕ್ರೇನ್‌ನಲ್ಲಿ ನಾಜಿಗಳ ಕೈಗೆ ಸಿಕ್ಕಿ ಸತ್ತಿದ್ದಾಳೆ. (ಗ್ರಾಸ್‌ಮನ್‌ನ ತಾಯಿಯೂ ಹಾಗೇ, 1941ರ ಸೆಪ್ಟೆಂಬರ್‌ನಲ್ಲಿ ಬೆರ್ದಿಚೇವ್‌ನಲ್ಲಿ. ಪುಸ್ತಕ ಅವಳಿಗೇ ಅರ್ಪಣೆ.) ಯುದ್ಧದ ನಡುವೆ ಕಜಾನ್‌ನಲ್ಲಿದ್ದಾಗ ಅವನೊಂದು ದೊಡ್ಡ ಶೋಧ ಮಾಡುತ್ತಾನೆ. ಮಾಸ್ಕೋಗೆ ಮರಳಿದ ಮೇಲೆ ಸಂಸ್ಥೆಯಲ್ಲಿ ಗಾಳಿ ತಿರುಗುತ್ತದೆ. ಅವನ ಸಿದ್ಧಾಂತ ಲೆನಿನ್ನನ ವಿಚಾರಕ್ಕೆ ವಿರುದ್ಧವಂತೆ, ಅದರಲ್ಲಿ ಯೆಹೂದಿ ವಾಸನೆ ಇದೆಯಂತೆ. ಗೋಡೆಪತ್ರಿಕೆಯಲ್ಲಿ ಟೀಕೆ ಬರುತ್ತದೆ. ವಿಜ್ಞಾನಿಗಳ ಸಭೆ ಕರೆದು, ಬಂದು ತಪ್ಪೊಪ್ಪಿಕೋ ಅನ್ನುತ್ತಾರೆ. ಅವನು ಹೋಗೋದು ಅಂತಲೇ ತೀರ್ಮಾನಿಸಿರುತ್ತಾನೆ. ಯಾಕೆ ಹೋಗಬಾರದು? ಹೆಂಡತಿ ಇದ್ದಾಳೆ, ಮಗಳಿದ್ದಾಳೆ, ಕೆಲಸ ಇದೆ. ಆದರೆ ಹೊರಡುವ ಹೊತ್ತಿನಲ್ಲಿ, ಯಾಕೆ ಅಂತ ಅವನಿಗೇ ಗೊತ್ತಾಗದ ಹಾಗೆ, ಮನಸ್ಸು ಬದಲಾಗುತ್ತದೆ. ಹೋಗೋದಿಲ್ಲ.

ಆಮೇಲಿನ ಒಂದು ಪ್ಯಾರಾ ನನಗೆ ಇಡೀ ಕಾದಂಬರಿಯ ನಡುಮನೆ. ಶ್ಟ್ರುಮ್ ಸುಮ್ಮನೆ ಕೂತಿದ್ದಾನೆ. ಅವನಿಗೆ ದೇವರಲ್ಲಿ ನಂಬಿಕೆ ಇಲ್ಲ, ಆದರೂ ದೇವರು ತನ್ನನ್ನು ನೋಡುತ್ತಿದ್ದಾನೆ ಅನಿಸುತ್ತದೆ. ಇಷ್ಟು ಸಂತೋಷ, ಅದರ ಜೊತೆಗೆ ಇಷ್ಟು ವಿನಯ ಅವನಿಗೆ ಯಾವತ್ತೂ ಆಗಿರಲಿಲ್ಲ. ತನ್ನ ಪಾಲಿನ ಸತ್ಯವನ್ನು ಇನ್ನು ಯಾರೂ ಕಿತ್ತುಕೊಳ್ಳೋಕೆ ಆಗೋದಿಲ್ಲ. ನಾನು ಮನಸ್ಸು ಬದಲಿಸಿದ ಗಳಿಗೆಯಲ್ಲಿ ಅಮ್ಮ ಪಕ್ಕದಲ್ಲೇ ನಿಂತಿದ್ದಳೇನೋ ಅಂದುಕೊಳ್ಳುತ್ತಾನೆ. ಹೊರಗಿನ ಲೆಕ್ಕದಲ್ಲಿ ನೋಡಿದರೆ ಅವನ ಬದುಕಿನ ಅತ್ಯಂತ ಅಪಾಯದ ಸಂಜೆ ಅದು.

ಗ್ರಾಸ್‌ಮನ್ ಅಲ್ಲೇ ನಿಲ್ಲಿಸಿದ್ದರೆ ನೀತಿಕಥೆ ಆಗುತ್ತಿತ್ತು. ಅವನು ಮುಂದಕ್ಕೆ ಹೋಗುತ್ತಾನೆ. ದಿನಗಳು ಕಳೆಯುತ್ತವೆ. ಫೋನ್ ಸದ್ದಿಲ್ಲ. ಸಹೋದ್ಯೋಗಿಗಳು ಕಂಡರೂ ಕಾಣದ ಹಾಗೆ ಹೋಗುತ್ತಾರೆ. ಶ್ಟ್ರುಮ್‌ಗೆ ಹೆದರಿಕೆ ಹತ್ತುತ್ತದೆ, ಮೆಟ್ಟಿಲ ಮೇಲಿನ ಪ್ರತಿ ಸದ್ದಿಗೂ ಕಿವಿ ನಿಮಿರುತ್ತದೆ. ಆವತ್ತಿನ ಹಗುರತನ ಹೋಯಿತು. ಆದರೂ ಅವನು ಮುರಿಯೋದಿಲ್ಲ. ಒಂದು ದಿನ ಫೋನ್ ಬರುತ್ತದೆ. ರೇಡಿಯೋದಲ್ಲಿ ಕೇಳಿದ್ದ ದನಿ: ನಮಸ್ಕಾರ, ಕಾಮ್ರೇಡ್ ಶ್ಟ್ರುಮ್. ನೀವು ಬಹಳ ಆಸಕ್ತಿ ಹುಟ್ಟಿಸುವ ದಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದೀರಿ ಅನ್ನುತ್ತಾನೆ ಸ್ಟಾಲಿನ್. ವಿದೇಶಿ ವಿಜ್ಞಾನ ಪತ್ರಿಕೆಗಳು ಸಿಗುತ್ತಿವೆಯಾ ಅಂತ ವಿಚಾರಿಸುತ್ತಾನೆ. ಶುಭ ಕೋರುತ್ತಾನೆ. ಅಷ್ಟೇ. ಯಾಕೆ ಫೋನ್ ಮಾಡಿದ ಅಂತ ಬಿಡಿಸಿ ಹೇಳೋದಿಲ್ಲ. ಪರಮಾಣುವಿನ ಕೆಲಸ ಅದು, ಓದುವವರಿಗೆ ಅರ್ಥವಾಗುತ್ತದೆ.

ಮರುದಿನದಿಂದ ಎಲ್ಲ ಬದಲು. ಕಾರು, ಸೌಲಭ್ಯ, ನಗು, ಕೈಕುಲುಕು. ನಿನ್ನೆ ಮುಖ ತಿರುಗಿಸಿದವರು ಇವತ್ತು ಓಡಿ ಬರುತ್ತಾರೆ. ಇಲ್ಲಿ ಗ್ರಾಸ್‌ಮನ್‌ನ ಕಣ್ಣು ತುಂಬಾ ಚುರುಕು. ಶ್ಟ್ರುಮ್‌ಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರೋದಿಲ್ಲ. ಅವರೂ ಅಷ್ಟೇನು ಕೆಟ್ಟವರಲ್ಲ ಅನಿಸೋಕೆ ಶುರುವಾಗುತ್ತದೆ. ಅಪ್ಪಣೆಯ ನೆಮ್ಮದಿ ಬಂದಾಗ ಮನುಷ್ಯನಿಗೆ ಎಲ್ಲರ ಮೇಲೂ ಒಂದು ಥರ ಪ್ರೀತಿ ಉಕ್ಕುತ್ತದೆ, ಆ ಪ್ರೀತಿಯ ಜೊತೆಯಲ್ಲೇ ಬೆನ್ನುಮೂಳೆಯೂ ಕರಗುತ್ತದೆ, ಇವೆರಡೂ ಒಟ್ಟಿಗೇ ನಡೆಯೋದರಿಂದ ಅವನಿಗೆ ಗೊತ್ತೇ ಆಗೋದಿಲ್ಲ. ಸ್ವಲ್ಪ ದಿನಕ್ಕೆ ನಿರ್ದೇಶಕ ಶಿಶಕೋವ್‌ನ ಕೋಣೆಯಲ್ಲಿ, ಬಹಳ ವಿಶ್ವಾಸದಿಂದ, ಒಂದು ಕಾಗದ ಮುಂದಿಡುತ್ತಾರೆ. ಹೊರದೇಶದವರ ಟೀಕೆಗೆ ವಿಜ್ಞಾನಿಗಳ ಉತ್ತರ. ಲೇಖಕ ಗೋರ್ಕಿಯನ್ನು ಕೊಂದವರು ವೈದ್ಯರಾದ ಪ್ಲೆಟ್ನ್ಯೋವ್ ಮತ್ತು ಲೆವಿನ್ ಅಂತ ಅದರಲ್ಲಿದೆ. 1938ರ ವಿಚಾರಣೆಯಲ್ಲಿ ಹೊರಿಸಿದ ಆರೋಪ ಅದು, ಸುಳ್ಳು ಅಂತ ಶ್ಟ್ರುಮ್‌ಗೆ ಗೊತ್ತು. ಗದರಿಕೆ ಇಲ್ಲ, ಬೆದರಿಕೆ ಇಲ್ಲ. ಜೈಲಿಗೆ ಹೆದರದೇ ಮನೆಯಲ್ಲಿ ಕೂತಿದ್ದ ಮನುಷ್ಯ ಸಹಿ ಹಾಕುತ್ತಾನೆ. ಚೆನ್ನಾಗಿ ಮೇಯಿಸಿ ಮುದ್ದು ಮಾಡಿದ ದನದ ವಿಧೇಯತೆ, ಮತ್ತೆ ಹೆದರಿಕೆ ಬಂದೀತು ಅನ್ನುವ ಹೆದರಿಕೆ ಅಂತ ಗ್ರಾಸ್‌ಮನ್ ಅದನ್ನು ವಿವರಿಸುತ್ತಾನೆ.

ಆ ಪುಟ ಮುಗಿಸಿದಾಗ ನನಗೆ ಶ್ಟ್ರುಮ್ ಮೇಲೆ ಸಿಟ್ಟು ಬರಲಿಲ್ಲ, ಕಸಿವಿಸಿಯಾಯಿತು. ಗ್ರಾಸ್‌ಮನ್ ಈ ಅಧ್ಯಾಯವನ್ನು ಎಲ್ಲಿಂದಲೋ ತಂದದ್ದಲ್ಲ. 1953ರ ಆರಂಭದಲ್ಲಿ, ಯೆಹೂದಿ ವೈದ್ಯರ ಮೇಲೆ ವಿಷವಿಕ್ಕಿದ ಸುಳ್ಳು ಆರೋಪ ಹೊರಿಸಿದ ದಿನಗಳಲ್ಲಿ, ಅವನೂ ಒಂದು ಸಾಮೂಹಿಕ ಪತ್ರಕ್ಕೆ ಸಹಿ ಹಾಕಿದ್ದ. ತನ್ನ ಆ ಗಳಿಗೆಯನ್ನು ಪಾತ್ರಕ್ಕೆ ಕೊಟ್ಟ. ಕೊಡುವಾಗ ಒಂದು ವಿನಾಯಿತಿಯನ್ನೂ ಸೇರಿಸಲಿಲ್ಲ. ಬುಲ್ಗಾಕೋವ್‌ನ ಮಾಸ್ಟರ್‌ಗೆ ಸಿಕ್ಕ ಮನೆಯ ಬಗ್ಗೆ ನನಗಿರುವ ಅನುಮಾನಕ್ಕೆ ಉತ್ತರ ಇಲ್ಲಿದೆ ಅನಿಸುತ್ತದೆ. ಮೇಲಿನಿಂದ ಮಂಜೂರಾದ ನೆಮ್ಮದಿಯನ್ನು ಮೇಲಿನವರು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು. ಅದು ಗೊತ್ತಿರುವವನು ಅದನ್ನು ಉಳಿಸಿಕೊಳ್ಳೋಕೆ ಏನು ಬೇಕಾದರೂ ಮಾಡುತ್ತಾನೆ. ಮಾಸ್ಟರ್ ಬಚಾವಾಗೋದು ಅವನು ಸತ್ತಿರೋದರಿಂದ. ಸತ್ತವನ ಹತ್ತಿರ ಯಾರೂ ಸಹಿ ಕೇಳೋದಿಲ್ಲ.

ಕ್ಷಮಾದಾನಕ್ಕೆ ಕಾಯದವನು

ಶೋಲೊಖೋವ್‌ನ 'ಅಂಡ್ ಕ್ವೈಟ್ ಫ್ಲೋಸ್ ದಿ ಡಾನ್' ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಿಂತಿದೆ. ಅದನ್ನು ಬರೆದವನು ಆಳುವವರಿಗೆ ಬೇಕಾದವನು. 1941ರಲ್ಲಿ ಸ್ಟಾಲಿನ್ ಬಹುಮಾನ ಬಂತು, 1965ರಲ್ಲಿ ನೊಬೆಲ್. ಪಾಸ್ತರ್ನಾಕ್‌ಗೆ 1958ರಲ್ಲಿ ಬಂದ ನೊಬೆಲ್ಲನ್ನು ಬೇಡ ಅನ್ನಿಸಿದ ಅದೇ ಸರ್ಕಾರ ಶೋಲೊಖೋವ್‌ನದನ್ನು ಹೆಮ್ಮೆಯಿಂದ ಒಪ್ಪಿಕೊಂಡಿತು. ಆದರೂ ಕಾದಂಬರಿಯ ಕೊನೆ ಯಾವ ಸರ್ಕಾರಕ್ಕೂ ಹಿಡಿಸುವಂಥದ್ದಲ್ಲ.

ಗ್ರಿಗೊರಿ ಮೆಲೆಖೋವ್ ಕೊಸಾಕ್ ರೈತ. ಅವನು ಕೇಳೋದು ಒಂದೇ, ನನ್ನ ಪಾಡಿಗೆ ನನ್ನನ್ನು ಬಿಡಿ, ಉಳುಮೆ ಮಾಡಿಕೊಂಡಿರ್ತೀನಿ. ಜರ್ಮನ್ನರ ವಿರುದ್ಧ ಹೋರಾಡಿದ, ಬೊಲ್ಷೆವಿಕರ ಕೆಂಪು ಸೈನ್ಯದಲ್ಲಿದ್ದ, ಅವರ ವಿರೋಧಿಗಳ ಬಿಳಿ ಸೈನ್ಯದ ಜೊತೆಗೂ ಇದ್ದ, ಕೊನೆಗೆ ಒಂದು ಡಕಾಯಿತರ ಗುಂಪಿನಲ್ಲೂ ಸಿಕ್ಕಿಕೊಂಡ. ಪಕ್ಷ ಬದಲಿಸಿದಾಗಲೆಲ್ಲ ಕಾರಣ ಅದೇ: ಇದು ಬೇಗ ಮುಗಿದು ಮನೆ ಸೇರೋದು ಯಾವ ಕಡೆಯಿಂದ? ತಾನು ಪ್ರೀತಿಸಿದ ಅಕ್ಸಿನ್ಯಾಳನ್ನು ಕರೆದುಕೊಂಡು ಓಡಿಹೋಗುವ ರಾತ್ರಿ ಅವಳಿಗೆ ಗುಂಡು ಬೀಳುತ್ತದೆ. ಕತ್ತಿಯಿಂದ ನೆಲ ಅಗೆದು ಅವಳನ್ನು ಹೂಳುತ್ತಾನೆ. ತಲೆ ಎತ್ತಿದಾಗ ಸೂರ್ಯ ಕಪ್ಪಗೆ ಕಾಣುತ್ತಾನೆ. ಈ ಕಪ್ಪು ಸೂರ್ಯನ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ.

ನನಗೆ ಬೇಕಾದದ್ದು ಅದರ ನಂತರದ್ದು. ಗ್ರಿಗೊರಿ ಕಾಡಿನಲ್ಲಿ, ಸೈನ್ಯದಿಂದ ತಪ್ಪಿಸಿಕೊಂಡವರ ಜೊತೆ, ನೆಲದೊಳಗಿನ ಗುಡಿಸಲಲ್ಲಿ ಚಳಿಗಾಲ ಕಳೆಯುತ್ತಾನೆ. ಮರದ ಚಮಚ ಕೆತ್ತುತ್ತಾ ಕೂರುತ್ತಾನೆ. ಮೇ ಒಂದರ ಹೊತ್ತಿಗೆ ಕ್ಷಮಾದಾನ ಆಗುತ್ತದಂತೆ, ಅಲ್ಲಿವರೆಗೆ ತಡೆದುಕೋ ಅಂತ ಜೊತೆಯವರು ಹೇಳುತ್ತಾರೆ. ಅವನಿಗೆ ಕಾಯೋಕೆ ಆಗೋದಿಲ್ಲ. ಮಾರ್ಚ್‌ನ ಸವೆದ ಮಂಜುಗಡ್ಡೆಯ ಮೇಲೆ ಡಾನ್ ನದಿಗೆ ಬಂದು ಮೊದಲು ಕೋವಿ, ಆಮೇಲೆ ಪಿಸ್ತೂಲು, ಆಮೇಲೆ ತೋಟಾಗಳನ್ನು ನೀರಿಗೆ ಹಾಕುತ್ತಾನೆ. ಹಾಕಿ, ಕೈಗಳನ್ನು ಕೋಟಿಗೆ ಚೆನ್ನಾಗಿ ಒರೆಸಿಕೊಳ್ಳುತ್ತಾನೆ. ಕೆಲಸ ಮುಗಿಸಿದ ರೈತ ಒರೆಸಿಕೊಂಡಂತೆ. ಮನೆಯ ಹತ್ತಿರ ಮಗ ಮಿಶಾತ್ಕ ಆಡುತ್ತಿದ್ದಾನೆ. ಗಡ್ಡ ಬಿಟ್ಟ ಅಪ್ಪನನ್ನು ನೋಡಿ ಹೆದರಿ ಕಣ್ಣು ಕೆಳಗೆ ಹಾಕುತ್ತಾನೆ. ಮಗಳು ಗಂಟಲ ಕಾಯಿಲೆಯಿಂದ ಸತ್ತಿದ್ದಾಳೆ. ಮಗನನ್ನು ಎತ್ತಿಕೊಂಡು ನಿಲ್ಲುವಲ್ಲಿಗೆ ಸಾವಿರಾರು ಪುಟಗಳ ಪುಸ್ತಕ ಮುಗಿಯುತ್ತದೆ.

ಅವನನ್ನು ಬಂಧಿಸುತ್ತಾರೆ, ಬಹುಶಃ ಕೊಲ್ಲುತ್ತಾರೆ. ಅವನಿಗೂ ಗೊತ್ತು. ಇನ್ನು ಕೆಲವೇ ವಾರ ತಡೆದಿದ್ದರೆ ಸರ್ಕಾರದ ಕಾಗದದ ಮೇಲೆ ಶಾಂತಿ ಬರುತ್ತಿತ್ತು. ಆ ಕಾಗದ ಬರುವ ಮೊದಲೇ ಕೋವಿಯನ್ನು ನೀರಿಗೆ ಹಾಕಿದ ಅನ್ನೋದು ನನಗೆ ಮುಖ್ಯ. ಶ್ಟ್ರುಮ್ ಸಭೆಗೆ ಹೋಗದೇ ಮನೆಯಲ್ಲಿ ಕೂತ ಸಂಜೆಗೂ ಇದಕ್ಕೂ ನೆಂಟಸ್ತಿಕೆ ಇದೆ. ಇಬ್ಬರೂ ಯಾರನ್ನೂ ಕೇಳಲಿಲ್ಲ.

ಇಬ್ಬರ ಕೊರಳಲ್ಲೂ ಅದೇ ಪ್ರಾರ್ಥನೆ

ಪಾಸ್ತರ್ನಾಕ್‌ನ 'ಡಾಕ್ಟರ್ ಜಿವಾಗೊ' ಅಂದರೆ ಎಲ್ಲರೂ ವರಿಕಿನೊದ ಒಂಟಿ ಮನೆಯನ್ನು ನೆನಪಿಸಿಕೊಳ್ಳುತ್ತಾರೆ. ಹಿಮ, ದೀಪ, ಮಲಗಿರುವ ಲಾರಾ ಮತ್ತು ಅವಳ ಮಗಳು, ರಾತ್ರಿಯಿಡೀ ಕವಿತೆ ಬರೆಯುವ ವೈದ್ಯ ಯೂರಿ ಜಿವಾಗೊ, ಹೊರಗೆ ತೋಳಗಳು. ಚೆನ್ನಾಗಿದೆ, ಆದರೆ ಸಿನಿಮಾ ಅದನ್ನು ಸ್ವಲ್ಪ ಜಾಸ್ತಿಯೇ ಬಳಸಿಕೊಂಡಿದೆ. ನನ್ನ ಮನಸ್ಸಲ್ಲಿ ಉಳಿದಿರೋದು ಬೇರೆ ಘಟನೆ.

ಯೂರಿಯನ್ನು ಕೆಂಪು ಗೆರಿಲ್ಲಾ ಪಡೆ ದಾರಿಯಲ್ಲೇ ಹಿಡಿದು ತಮ್ಮ ವೈದ್ಯನಾಗಿ ಇಟ್ಟುಕೊಂಡಿರುತ್ತದೆ. ಒಂದು ಕದನದಲ್ಲಿ ಪಕ್ಕದ ಟೆಲಿಫೋನ್ ಸಿಪಾಯಿ ಸಾಯುತ್ತಾನೆ. ವೈದ್ಯ ಅವನ ಬಂದೂಕು ತೆಗೆದುಕೊಳ್ಳುತ್ತಾನೆ. ಎದುರಿಗೆ ಬರುತ್ತಿರುವವರು ಬಿಳಿ ಸೈನ್ಯದ ಹುಡುಗರು, ಇನ್ನೂ ವಿದ್ಯಾರ್ಥಿಗಳ ಹಾಗಿದ್ದಾರೆ, ನೋಡಿದರೆ ತನ್ನವರೇ ಅನಿಸುತ್ತದೆ. ಅವರಿಗೆ ತಗಲದ ಹಾಗೆ ಬಯಲಿನ ಒಂದು ಸುಟ್ಟ ಮರಕ್ಕೆ ಗುರಿ ಇಟ್ಟು ಹೊಡೆಯುತ್ತಾನೆ. ಆದರೂ ಅಡ್ಡ ಬಂದವರಿಗೆ ತಗಲುತ್ತದೆ. ಗುಂಡಿನ ಸದ್ದು ನಿಂತ ಮೇಲೆ ಸತ್ತ ಸಿಪಾಯಿಯ ಕೊರಳಲ್ಲಿ ಬಟ್ಟೆಯಲ್ಲಿ ಹೊಲಿದ ಒಂದು ಕಾಗದ ಸಿಗುತ್ತದೆ, ಕಾಪಾಡು ಅಂತ ಕೇಳುವ ದಾವೀದನ ಕೀರ್ತನೆ, ಬಾಯಿಂದ ಬಾಯಿಗೆ ದಾಟಿ ಅಕ್ಷರ ತಪ್ಪಿದ್ದು. ಬಯಲಲ್ಲಿ ಬಿದ್ದ ಬಿಳಿ ಸೈನ್ಯದ ಹುಡುಗನ ಕೊರಳಲ್ಲಿ ಚಿನ್ನದ ಡಬ್ಬಿ. ಒಳಗೆ ಅದೇ ಕೀರ್ತನೆ, ಅಚ್ಚು ಹಾಕಿದ್ದು, ಒಂದಕ್ಷರವೂ ತಪ್ಪಿಲ್ಲ. ಗುಂಡು ಆ ಡಬ್ಬಿಗೆ ಬಡಿದು ಹಾರಿದೆ. ಹುಡುಗ ಬದುಕಿದ್ದಾನೆ.

ವೈದ್ಯನೂ ಅವನ ಸಹಾಯಕನೂ ಸತ್ತ ಸಿಪಾಯಿಯ ಬಟ್ಟೆಯನ್ನು ಈ ಹುಡುಗನಿಗೆ ತೊಡಿಸಿ, ತಮ್ಮವನೇ ಅಂತ ಸುಳ್ಳು ಹೇಳಿ, ಆರೈಕೆ ಮಾಡಿ, ಗುಣವಾದ ಮೇಲೆ ಬಿಟ್ಟು ಕಳಿಸುತ್ತಾರೆ. ಸಿಕ್ಕಿಬಿದ್ದರೆ ಇಬ್ಬರಿಗೂ ಸಾವೇ. ಹೋಗುವಾಗ ಹುಡುಗ ಮುಚ್ಚಿಡೋದೂ ಇಲ್ಲ: ನಾನು ಕೊಲ್ಚಾಕ್‌ನ ಬಿಳಿ ಸೈನ್ಯಕ್ಕೆ ವಾಪಸ್ ಹೋಗಿ ನಿಮ್ಮವರ ವಿರುದ್ಧ ಹೋರಾಡ್ತೀನಿ ಅನ್ನುತ್ತಾನೆ. ಕಣ್ಣೀರಿಲ್ಲ, ಕೃತಜ್ಞತೆ ಇಲ್ಲ. ಪಾಸ್ತರ್ನಾಕ್ ಮೇಲೆ ಭಾವುಕತೆಯ ದೂರು ಹೇಳುವವರಿಗೆ ನಾನು ಈ ಪುಟ ತೋರಿಸುತ್ತೇನೆ. ಒಬ್ಬನ ಜೀವ ಉಳಿಸಿದ್ದರಿಂದ ಯುದ್ಧ ಒಂದು ಗಂಟೆಯೂ ಕಡಿಮೆಯಾಗಲಿಲ್ಲ, ಬಹುಶಃ ಇನ್ನೊಬ್ಬ ಸಿಪಾಯಿ ಹೆಚ್ಚೇ ಆದ. ಅದು ಗೊತ್ತಾದ ಮೇಲೂ ಅವರು ಅವನನ್ನು ಬಿಟ್ಟರು.

ಪುಸ್ತಕಕ್ಕೂ ಅಪ್ಪಣೆ

1961ರ ಫೆಬ್ರವರಿಯಲ್ಲಿ ಕೆಜಿಬಿಯವರು ಗ್ರಾಸ್‌ಮನ್ ಮನೆಗೆ ಬಂದು 'ಲೈಫ್ ಅಂಡ್ ಫೇಟ್' ಹಸ್ತಪ್ರತಿಯನ್ನು ಕೊಂಡೊಯ್ದರು. ಟೈಪ್ ಮಾಡಿದ ಕಾರ್ಬನ್ ಹಾಳೆ, ಟೈಪ್‌ರೈಟರಿನ ರಿಬ್ಬನ್ನನ್ನೂ ಬಿಡಲಿಲ್ಲ. ಲೇಖಕನನ್ನು ಮುಟ್ಟಲಿಲ್ಲ. ಅವನು ಆಗ ದೇಶ ಆಳುತ್ತಿದ್ದ ಕ್ರುಶ್ಚೇವ್‌ಗೆ ಪತ್ರ ಬರೆದ. ನನ್ನ ಪುಸ್ತಕ ಜೈಲಿನಲ್ಲಿರುವಾಗ ನಾನು ಹೊರಗಿದ್ದು ಏನು ಪ್ರಯೋಜನ, ನನ್ನ ಪುಸ್ತಕಕ್ಕೆ ಬಿಡುಗಡೆ ಕೊಡಿ ಅಂತ. ಪಕ್ಷದ ಸಿದ್ಧಾಂತ ನೋಡಿಕೊಳ್ಳುತ್ತಿದ್ದ ಸುಸ್ಲೋವ್ ಅವನನ್ನು ಕರೆದು, ಇದು ಇನ್ನೂ ಇನ್ನೂರು ಮುನ್ನೂರು ವರ್ಷ ಅಚ್ಚಾಗೋದಿಲ್ಲ ಅಂದ. 1962ರ ನವೆಂಬರ್‌ನಲ್ಲಿ ಸೊಲ್ಜೆನಿತ್ಸಿನ್‌ನ ಶಿಬಿರದ ಕಥೆ 'ಇವಾನ್ ದೆನಿಸೊವಿಚ್' 'ನೋವಿ ಮಿರ್' ಪತ್ರಿಕೆಯಲ್ಲಿ ಬಂತು, ಕ್ರುಶ್ಚೇವ್‌ನ ಖುದ್ದು ಒಪ್ಪಿಗೆಯಿಂದ. ಒಂದೇ ಮೇಜಿನಿಂದ ಎರಡು ಪುಸ್ತಕಗಳಿಗೆ ಎರಡು ಹಣೆಬರಹ. ಗ್ರಾಸ್‌ಮನ್ 1964ರಲ್ಲಿ ತೀರಿಕೊಂಡ. ಗೆಳೆಯರು ಬಚ್ಚಿಟ್ಟ ಪ್ರತಿ ಮೈಕ್ರೊಫಿಲ್ಮ್ ಆಗಿ ಗಡಿ ದಾಟಿ 1980ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಅಚ್ಚಾಯಿತು. ಅವನ ದೇಶದಲ್ಲಿ 1988ರಲ್ಲಿ.

ಆ ಪುಸ್ತಕದಲ್ಲಿ ಸ್ಟಾಲಿನ್‌ಗ್ರಾಡ್‌ನ ಒಂದು ಮನೆ ಬರುತ್ತದೆ, ನಂಬರ್ 6/1. ಜರ್ಮನ್ನರು ಸುತ್ತುವರಿದಿದ್ದಾರೆ, ಒಳಗಿರುವವರೆಲ್ಲ ಇವತ್ತೋ ನಾಳೆಯೋ ಸಾಯುವವರು. ಹಾಗಾಗಿ ಅಲ್ಲಿ ಯಾರಿಗೂ ಯಾರ ಹೆದರಿಕೆಯೂ ಇಲ್ಲ, ಸಾಮೂಹಿಕ ಬೇಸಾಯದಿಂದ ಹಿಡಿದು ಎಲ್ಲದರ ಬಗ್ಗೆಯೂ ಬಾಯಿಗೆ ಬಂದದ್ದು ಮಾತಾಡುತ್ತಾರೆ. ನಾಯಕ ಗ್ರೆಕೋವ್‌ಗೆ ವೈರ್‌ಲೆಸ್ ಹುಡುಗಿ ಕಾತ್ಯಾ ಮೇಲೆ ಕಣ್ಣು. ಅವಳಿಗೆ ಮನಸ್ಸಿರೋದು ಸೆರ್ಯೋಜಾ ಅನ್ನೋ ಹುಡುಗನ ಮೇಲೆ. ಗ್ರೆಕೋವ್ ಇಬ್ಬರನ್ನೂ ಏನೋ ಕೆಲಸದ ನೆಪ ಹೇಳಿ ಒಟ್ಟಿಗೇ ಅಲ್ಲಿಂದ ಹೊರಗೆ ಕಳಿಸುತ್ತಾನೆ. ಆಮೇಲೆ ಮನೆ ನೆಲಸಮವಾಗುತ್ತದೆ.

ರೊಟ್ಟಿ ತುಂಡು

ಅದೇ ಕಾದಂಬರಿಯಲ್ಲಿ, ಸ್ಟಾಲಿನ್‌ಗ್ರಾಡ್ ಕದನ ಮುಗಿದ ಮೇಲಿನ ಒಂದು ಬೆಳಗ್ಗೆ. ಸೆರೆಸಿಕ್ಕ ಜರ್ಮನ್ನರು ನೆಲಮಾಳಿಗೆಯೊಂದರಿಂದ ಹೆಣಗಳನ್ನು ಹೊರಗೆ ತರುತ್ತಿದ್ದಾರೆ. ಸುತ್ತ ಊರಿನ ಜನ. ಕೈದಿಗಳಲ್ಲಿ ಒಬ್ಬ ಅಧಿಕಾರಿಯೂ ಇದ್ದಾನೆ. ಅವನು ಒಂದು ಹುಡುಗಿಯ ಹೆಣ ಹೊತ್ತು ತರುವಾಗ ಗುಂಪಿನಲ್ಲಿದ್ದ ಒಬ್ಬ ಹೆಂಗಸಿನ ಸಿಟ್ಟು ನೆತ್ತಿಗೇರುತ್ತದೆ. ಕೆಳಗೆ ಬಿದ್ದಿದ್ದ ಇಟ್ಟಿಗೆ ಎತ್ತಿಕೊಳ್ಳುತ್ತಾಳೆ. ಕಾವಲಿನವನೂ ಅವಳನ್ನು ತಡೆಯುವ ಹಾಗಿಲ್ಲ. ಆ ಅಧಿಕಾರಿಯ ಹತ್ತಿರ ಹೋಗುತ್ತಾಳೆ. ಹೋದವಳು, ಜೇಬಿಗೆ ಕೈಹಾಕಿ ಒಂದು ತುಂಡು ರೊಟ್ಟಿ ತೆಗೆದು, ತಗೋ, ತಿನ್ನು ಅಂತ ಕೊಡುತ್ತಾಳೆ.

ಇದೇ ಪುಸ್ತಕದಲ್ಲಿ ಇಕೊನ್ನಿಕೋವ್ ಅನ್ನೋ ಕೈದಿಯೊಬ್ಬ, ನಾಜಿ ಶಿಬಿರದಲ್ಲಿ, ಇಂಥ ಅರ್ಥವಿಲ್ಲದ ಒಳ್ಳೇತನದ ಬಗ್ಗೆ ಪುಟಗಟ್ಟಲೆ ಬರೆದಿಟ್ಟಿರುತ್ತಾನೆ. ವಿಮರ್ಶಕರು ಸಾಮಾನ್ಯವಾಗಿ ಎತ್ತಿ ಬರೆಯೋದು ಆ ಪುಟಗಳನ್ನೇ. ನನಗೆ ಅವು ಸ್ವಲ್ಪ ಉಪದೇಶದ ಹಾಗೆ ಕೇಳುತ್ತವೆ. ರೊಟ್ಟಿ ಕೊಟ್ಟ ಹೆಂಗಸಿನ ಹತ್ತಿರ ಹೇಳಿಕೊಳ್ಳೋಕೆ ತತ್ವ ಏನೂ ಇಲ್ಲ. ಇಟ್ಟಿಗೆ ಹಿಡಿದ ಕೈ ಯಾಕೆ ಜೇಬಿಗೆ ಹೋಯಿತು ಅಂತ ಅವಳಿಗೆ ಗೊತ್ತಿಲ್ಲ, ಗ್ರಾಸ್‌ಮನ್ ನಮಗೂ ಹೇಳೋದಿಲ್ಲ. ಅದರಿಂದ ಅವಳಿಗೇನಾದರೂ ಸಮಾಧಾನ ಸಿಕ್ಕಿತಾ? ಅದೂ ಇಲ್ಲ. ಅವಳ ಬದುಕಿನಲ್ಲಿ ಆಮೇಲೂ ಅವಮಾನ, ಕಷ್ಟ, ನೆರೆಯವಳ ಜೊತೆ ಜಗಳ ಎಲ್ಲ ಹಾಗೇ ಇದ್ದವು. ಒಂದು ರಾತ್ರಿ ಹಾಸಿಗೆಯಲ್ಲಿ ಮಲಗಿ, ಕಹಿ ತುಂಬಿಕೊಂಡು, ಆ ಬೆಳಗನ್ನು ನೆನಪಿಸಿಕೊಂಡು ಅವಳು ಅಂದುಕೊಳ್ಳೋದು ಇಷ್ಟು: ಅವತ್ತೂ ನಾನು ಪೆದ್ದಿಯೇ, ಇವತ್ತೂ ಪೆದ್ದಿಯೇ.